ಕಂಬಗಳಲ್ಲಿ ಉಳಿದದ್ದು

ಮಾರ್ಚ್ 3, ಸೋಮವಾರ

ಬೆಳಿಗ್ಗೆ 87. ಸಂಜೆ 85.

ಈ ಪುಸ್ತಕದಲ್ಲಿ ಬರೆಯಬೇಕಾದದ್ದು ಇಷ್ಟೇ. ಗಣಿಯ ದವಾಖಾನೆಯ ಕಾಂಪೌಂಡರ್ ಕೊಟ್ಟದ್ದು. ನನ್ನ ಹೆಂಡತಿಯ ಬೆರಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಯಂತ್ರ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ನನಗೆ ಹಾಕಿದರೆ 97.

"ಎರಡು ಹೊತ್ತೂ ಬರೀರಿ ಪಂಪಣ್ಣ. ಕಡಿಮೆ ಬಂದ್ರೆ ಕಡಿಮೆ ಅಂತಲೇ ಬರೀಬೇಕು. ನಿಮ್ಮ ಆಸೆ ಬರೀಬಾರ್ದು" ಎಂದ.

"ಮೂವತ್ತು ವರ್ಷ ಪಂಪಿನ ಲಾಗ್ ಬರೆದಿದೀನಿ. ನನಗೆ ಹೇಳ್ಕೊಡ್ತೀಯಾ" ಎಂದೆ.

ಪುಟದಲ್ಲಿ ಇನ್ನೂ ಜಾಗ ಉಳಿದಿದೆ. ಖಾಲಿ ಜಾಗ ಬಿಟ್ಟು ಅಭ್ಯಾಸವಿಲ್ಲದ್ದರಿಂದ ಬರೆಯುತ್ತಿದ್ದೇನೆ. ಇವತ್ತು ಮಾಲೀಕರ ಕಾಗದ ಬಂತು. ಗಣಿ ನಿಂತು ಒಂಬತ್ತು ವರ್ಷವಾಯಿತು. ಅವರು ಅದನ್ನು ಮುಚ್ಚಿಲ್ಲ, ತೆರೆದೂ ಇಲ್ಲ. ನಾನೊಬ್ಬ ಮೂರು ಪಂಪು ಓಡಿಸಿ ಒಳಗಿನ ನೀರನ್ನು ಹೊರಗೆ ಹಾಕುತ್ತ ಕೂತಿದ್ದೇನೆ. ಈಗ ಒಬ್ಬ ಭೂವಿಜ್ಞಾನಿ ಮೂರು ವಾರ ಇಲ್ಲಿದ್ದು, ಒಳಗೆ ಗ್ರಾಫೈಟ್ ಎಷ್ಟು ಉಳಿದಿದೆ ಎಂದು ನೋಡುತ್ತಾರಂತೆ. ಇದ್ದರೆ ಗಣಿ ಮತ್ತೆ ತೆರೆಯುತ್ತದೆ. ಇಲ್ಲದಿದ್ದರೆ ಗುತ್ತಿಗೆ ಸರ್ಕಾರಕ್ಕೆ ವಾಪಸ್ಸು, ಪಂಪು ಬಂದ್, ದವಾಖಾನೆ ಬಂದ್.

ದವಾಖಾನೆ ಬಂದ್ ಎನ್ನುವ ಕಡೆ ನಾನು ಎರಡು ಸಲ ಓದಿದೆ. ಗುತ್ತಿಗೆ ಇರುವತನಕ ಮಾತ್ರ ಗಣಿಯ ಧೂಳಿನಿಂದ ಎದೆ ಕೆಟ್ಟ ಒಂಬತ್ತು ಜನರಿಗೆ ಆಮ್ಲಜನಕದ ಸಿಲಿಂಡರ್ ಕೊಡಬೇಕೆಂದು ಕಾನೂನು. ಆ ಒಂಬತ್ತರಲ್ಲಿ ಇವಳು ಒಬ್ಬಳು. ಹದಿನಾಲ್ಕು ವರ್ಷ ಜರಡಿ ಶೆಡ್ಡಿನಲ್ಲಿ ಕೂತು ಕಪ್ಪು ಪುಡಿ ಜರಡಿಯಾಡಿಸಿದವಳು. ಅದರ ಅರ್ಧ ಜರಡಿಯಿಂದ ಕೆಳಗೆ ಬಿತ್ತು, ಇನ್ನರ್ಧ ಇವಳ ಎದೆಯೊಳಗೆ ಹೋಗಿ ಕೂತಿತು.

ಕಾಗದದ ವಿಷಯ ಇವಳಿಗೆ ಹೇಳಲಿಲ್ಲ.

ಮಾರ್ಚ್ 5, ಬುಧವಾರ

ಬೆಳಿಗ್ಗೆ 86. ಸಂಜೆ 86.

ಭೂವಿಜ್ಞಾನಿ ಎಂದರೆ ಗಡ್ಡದ ಮನುಷ್ಯ ಎಂದುಕೊಂಡಿದ್ದೆ. ಬಂದವರು ನಲವತ್ತರ ಆಸುಪಾಸಿನ ಹೆಂಗಸು. ಅವರ ಬೂಟು ನನ್ನದಕ್ಕಿಂತ ಹಳೆಯದು. ನನ್ನ ಪಂಪ್‌ಹೌಸಿನ ಬೆಂಚಿನ ಮೇಲೆ ಕೂತು ಚಹಾ ಕುಡಿದರು, ಲೋಟ ತಾವೇ ತೊಳೆದಿಟ್ಟರು.

"ಹಳೇ ನಕ್ಷೆ ಎಲ್ಲಿ?" ಎಂದರು.

"ಕಚೇರಿಗೆ ಗೆದ್ದಲು ಹಿಡೀತು ಮೇಡಂ. ನಕ್ಷೆ ಅಂತ ಈಗ ಉಳಿದಿರೋದು ನಾನೊಬ್ಬನೇ."

ನಕ್ಕರು. ಗ್ರಾಫೈಟ್ ಯಾತಕ್ಕೆಲ್ಲ ಬೇಕು ಎಂದು ನಿಮಗೆ ಗೊತ್ತಾ ಎಂದು ಕೇಳಿದರು. ಸೀಸದಕಡ್ಡಿಗೆ ಎಂದೆ. "ಸೀಸದಕಡ್ಡೀಲಿ ಸೀಸವೇ ಇಲ್ಲ, ಇರೋದು ನಿಮ್ಮ ಈ ಕಪ್ಪು. ಆದ್ರೆ ಅದಕ್ಕೆ ಹೋಗೋದು ಚಿಟಿಕೆಯಷ್ಟು" ಎಂದು ವಿವರಿಸಿದರು. ಉಕ್ಕಿನ ಕುಲುಮೆಯ ಇಟ್ಟಿಗೆಗೆ, ಲೋಹ ಕರಗಿಸುವ ಮೂಸೆಗೆ, ಬ್ರೇಕಿಗೆ, ಈಗ ಎಲ್ಲಕ್ಕಿಂತ ಹೆಚ್ಚಾಗಿ ವಿದ್ಯುತ್ ಕಾರಿನ ಬ್ಯಾಟರಿಗೆ. ಒಂದು ಕಾರಿನ ಬ್ಯಾಟರಿಯಲ್ಲಿ ಒಬ್ಬ ಮನುಷ್ಯನ ತೂಕದಷ್ಟು ಇರುತ್ತದಂತೆ.

"ಹಾಗಾದ್ರೆ ನಮ್ಮ ಗಣಿಗೆ ಒಳ್ಳೇ ಕಾಲ ಬಂತು" ಎಂದೆ.

"ಇರೋದು ಎಂಥದು ಅನ್ನೋದರ ಮೇಲೆ. ಹಾಳೆ ಹಾಳೆಯಾಗಿ, ಮೀನಿನ ಹುರುಪೆ ಥರ ಬಿಡಿಸ್ಕೊಂಡು ಬರಬೇಕು. ಕಲ್ಲಿಗೆ ಅಂಟಿರೋ ಪುಡಿಯಾದ್ರೆ ತೊಳೆಯೋ ಖರ್ಚೂ ಹುಟ್ಟಲ್ಲ."

ನಮ್ಮಲ್ಲಿ ಉಳಿದಿರುವುದು ಎಂಥದು ಎಂದು ನನಗೆ ಗೊತ್ತಿದೆ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ 86. ಸಂಜೆ 84.

ಮೂರು ದಿನದಿಂದ ಪೂರ್ವದ ಸುರಂಗಗಳಲ್ಲಿ ಇದ್ದೇವೆ. ಅವರು ಗೋಡೆಗೆ ಅಡ್ಡಲಾಗಿ ಮೀಟರಿಗೊಂದು ಗೀರು ಕೆತ್ತುತ್ತಾರೆ, ನಾನು ಕೆಳಗೆ ಬಟ್ಟೆ ಚೀಲ ಹಿಡಿಯುತ್ತೇನೆ. ಚೀಲಕ್ಕೆ ಚೀಟಿ ಕಟ್ಟುತ್ತೇವೆ. ಪ್ರತಿ ಚೀಲದ ಕಲ್ಲನ್ನೂ ಅವರು ಭೂತಗನ್ನಡಿಯಲ್ಲಿ ನೋಡಿ ಮಾತಾಡದೆ ಕೆಳಗಿಡುತ್ತಾರೆ. ವೈದ್ಯರು ಎಕ್ಸ್‌ರೇ ನೋಡಿ ಸುಮ್ಮನಾಗುತ್ತಾರಲ್ಲ, ಹಾಗೆ.

ಮೇಲೆ ಬಂದು ಹೆಲ್ಮೆಟ್ ತೆಗೆಯುತ್ತ ಹೇಳಿದರು: "ಇಷ್ಟೇ ಇದ್ರೆ ನಾನು ಬರೆಯೋಕಿರೋದು ಎರಡು ಸಾಲು ಅಷ್ಟೇ. ಮೂರು ವಾರ ಬೇಕಾಗಲ್ಲ."

"ಪಶ್ಚಿಮ ಇನ್ನೂ ನೋಡಿಲ್ಲ ನೀವು" ಎಂದೆ.

ನನ್ನ ಬಾಯಿಂದ ಯಾಕೆ ಬಂತೋ. ಪಶ್ಚಿಮದಲ್ಲಿ ಏನೂ ಇಲ್ಲ. ಇದ್ದದ್ದನ್ನೆಲ್ಲ ನಾವೇ ತೆಗೆದು ಮುಗಿಸಿದ್ದೆವು. ಉಳಿದಿರುವುದು ಕಂಬಗಳು ಮಾತ್ರ.

ಮಾರ್ಚ್ 9, ಭಾನುವಾರ

ಬೆಳಿಗ್ಗೆ 85. ಕೈ ತಣ್ಣಗಿತ್ತು, ಬೆಚ್ಚಗೆ ಉಜ್ಜಿ ನೋಡಿದಾಗ 87. 87 ಎಂದೇ ಇರಲಿ.

ರಜೆಯಾದರೂ ಪಂಪು ನೋಡಬೇಕೆಂದು ಹೇಳಿ ಹೋದೆ.

ಪಶ್ಚಿಮದ ಎರಡನೇ ಮಟ್ಟದಲ್ಲಿ ಕಪ್ಪನ್ನು ತೆಗೆಯುವಾಗ ಮೇಲಿನ ಗುಡ್ಡ ಕುಸಿಯದಿರಲಿ ಎಂದು ನಡುನಡುವೆ ಕಂಬಗಳನ್ನು ಬಿಟ್ಟಿದ್ದೆವು. ಕಟ್ಟಿದ ಕಂಬಗಳಲ್ಲ. ಸುತ್ತಲಿನದೆಲ್ಲ ಅಗೆದು ತೆಗೆದು, ಹಾಗೇ ಬಿಟ್ಟ ಗ್ರಾಫೈಟ್ ಕಲ್ಲಿನ ಕಂಬಗಳು. ಹನ್ನೊಂದಿವೆ. ಸುರಂಗದ ಪಕ್ಕದ ಕಂಬ ಎಲ್ಲಕ್ಕಿಂತ ದೊಡ್ಡದು, ಮೂವತ್ತು ಹೆಜ್ಜೆ ಉದ್ದ. ಸುರಂಗದಿಂದ ನೋಡಿದರೆ ಅದು ಕಂಬವೆಂದು ಗೊತ್ತಾಗುವುದಿಲ್ಲ, ಯಾರೂ ಮುಟ್ಟದ ಗೋಡೆಯಂತೆ ಕಾಣುತ್ತದೆ. ದೀಪ ಹಿಡಿದರೆ ಬೆಳ್ಳಿ. ದಪ್ಪ ನಾಲ್ಕೇ ಹೆಜ್ಜೆ. ಅದರ ಆಚೆ ಖಾಲಿ ಕೋಣೆ. ಆ ಕೋಣೆಗೆ ಹೋಗಲು ಬದಿಯ ಒಂದು ಕಿರುಸುರಂಗ ಬಿಟ್ಟರೆ ಬೇರೆ ದಾರಿಯಿಲ್ಲ.

ಆ ಕಿರುಸುರಂಗದ ಬಾಯಿಗೆ ಹಳೆಯ ಹಲಗೆಗಳನ್ನು ಅಡ್ಡ ಹೊಡೆದೆ. ನಾಲ್ಕನೇ ಮಟ್ಟದಲ್ಲಿ ತೂಗುಹಾಕಿದ್ದ "ಅಪಾಯ, ಚಾವಣಿ ಕುಸಿದಿದೆ" ಎಂಬ ಬೋರ್ಡನ್ನು ಬಿಚ್ಚಿ ತಂದು ಇಲ್ಲಿಗೆ ಹಾಕಿದೆ. ಕೆಲಸ ಒಂದು ಗಂಟೆಯದು. ಇದೊಂದು ಸಾಮಾನ್ಯ ರಿಪೇರಿ ಎನ್ನಿಸಿತು.

ಸಂಜೆ 86. (ಎಡಗೈ ಕಿರುಬೆರಳು.)

ಮಾರ್ಚ್ 10, ಸೋಮವಾರ

ಬೆಳಿಗ್ಗೆ 88.

ಮೇಡಂ ಆ ಗೋಡೆಯ ಮುಂದೆ ನಿಂತು ದೀಪವನ್ನು ಮೇಲಿಂದ ಕೆಳಗೆ ಆಡಿಸಿದರು. ಆಮೇಲೆ ಉಗುರಿನಿಂದ ಒಂದು ಹಾಳೆ ಎಬ್ಬಿಸಿ ಅಂಗೈಯಲ್ಲಿಟ್ಟು ನನಗೆ ತೋರಿಸಿದರು. ಹೆಬ್ಬೆರಳಿನ ಉಗುರಿನಷ್ಟು ಇತ್ತು.

"ಇದನ್ನ ಯಾಕೆ ಬಿಟ್ಟರು?" ಎಂದರು.

"ಆಗ ಮಾಲೀಕರು ಬದಲಾದ್ರು ಮೇಡಂ. ಕೆಲಸ ಅರ್ಧಕ್ಕೇ ನಿಂತು ಹೋಯ್ತು."

"ಇದರ ಹಿಂದೆ?"

"ಹಿಂದೆ ಗುಡ್ಡ."

ಬೋರ್ಡಿನ ಕಡೆ ನೋಡಿದರು. ಅಲ್ಲೇನು ಎಂದರು. ಬೋರ್ಡಿನಲ್ಲಿ ಬರೆದದ್ದನ್ನೇ ಓದಿ ಹೇಳಿದೆ. ಅವರು ನಂಬಿದರು. ಮೂವತ್ತು ವರ್ಷ ಒಳಗೇ ಇದ್ದ ಮನುಷ್ಯ, ನಂಬದೆ ಏನು ಮಾಡಿಯಾರು.

ಇಪ್ಪತ್ತೆರಡು ಚೀಲ ತುಂಬಿದೆವು. ಮೇಲೆ ಬರುವಾಗ ಅವರು ಏಣಿಯ ಮೇಲೆ ಏನೋ ಗುನುಗುತ್ತಿದ್ದರು.

ಸಂಜೆ 87.

ಮಾರ್ಚ್ 18, ಮಂಗಳವಾರ

ಬೆಳಿಗ್ಗೆ 87. ಸಂಜೆ 87. ಈಗ ಹತ್ತೂ ಬೆರಳು ನೋಡಿ ಎಲ್ಲಕ್ಕಿಂತ ಒಳ್ಳೆಯದನ್ನು ಬರೆಯುತ್ತೇನೆ. ಯಂತ್ರ ಅಗ್ಗದ್ದು, ಒಂದೊಂದು ಬೆರಳಿಗೆ ಒಂದೊಂದು ಹೇಳುತ್ತದೆ. ನಿಜ ಯಾವುದೆಂದು ಅದಕ್ಕೇ ಗೊತ್ತಿಲ್ಲ.

ಪ್ರಯೋಗಾಲಯದಿಂದ ಮೇಡಂಗೆ ಫೋನ್ ಬಂತು. ನೂರರಲ್ಲಿ ಹತ್ತೊಂಬತ್ತು ಪಾಲು ಇಂಗಾಲ, ದೊಡ್ಡ ಹಾಳೆ. ಬೀದಿಯಲ್ಲೆಲ್ಲ ಸುದ್ದಿ. ಒಂಬತ್ತು ವರ್ಷದಿಂದ ಬಾಗಿಲು ಹಾಕಿದ್ದ ಸೈಕಲ್ ಅಂಗಡಿಯವನು ಷಟರಿಗೆ ಎಣ್ಣೆ ಬಿಡುತ್ತಿದ್ದ.

ಸಂಜೆ ಮೇಸ್ತ್ರಿ ಬಂದರು. ನಮ್ಮ ಮನೆಯಿಂದ ಅವರ ಮನೆಗೆ ಮೂರು ಬಾಗಿಲು. ಅಷ್ಟು ದೂರಕ್ಕೆ ಸಿಲಿಂಡರಿನ ಗಾಡಿ ತಳ್ಳಿಕೊಂಡು ಎರಡು ಕಡೆ ನಿಂತು ಬಂದರು. ಪಶ್ಚಿಮದ ಕೆಲಸವೆಲ್ಲ ಅವರ ಕೈಕೆಳಗೇ ಆದದ್ದು. ನಾನು ಅವರ ಬಳಿ ಕಲಿತವನು.

"ಎಲ್ಲಿ ಸಿಕ್ತಂತೆ ಪಂಪಣ್ಣ?"

"ಪಶ್ಚಿಮ. ಎರಡನೇ ಮಟ್ಟ. ಸುರಂಗದ ಬಲಗಡೆ ಗೋಡೆ."

ಅವರು ಮೂಗಿನ ನಳಿಕೆ ಸರಿಮಾಡಿಕೊಂಡರು. ನನ್ನನ್ನೇ ನೋಡಿದರು. ನಾನು ಲೋಟದ ತಳದಲ್ಲಿ ಚಹಾಪುಡಿ ನೋಡುತ್ತಿದ್ದೆ.

"ವಯಸ್ಸಾಯ್ತು" ಎಂದರು ಕೊನೆಗೆ. "ಅಲ್ಲಿನದು ನನಗೊಂದೂ ನೆನಪಿಲ್ಲ. ಒಳ್ಳೇದೇ ಆಯ್ತು ಬಿಡು."

ಹೋಗುವಾಗ ಇವಳ ತಲೆಯ ಮೇಲೆ ಕೈಯಿಟ್ಟು ಹೋದರು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ 86.

ಮಗಳು ಮಧ್ಯಾಹ್ನವೇ ತಾನು ಕೆಲಸ ಮಾಡುವ ಜೆರಾಕ್ಸ್ ಅಂಗಡಿಯಿಂದ ಬಂದಳು. ಗಣಿ ತೆರೆದರೆ ಬೇಕಾಗುವ ಕೆಲಸದವರ ಹೆಸರು ಬರೆದುಕೊಳ್ಳುತ್ತಿದ್ದಾರಂತೆ, ಕಚೇರಿಯ ಬಾಗಿಲಲ್ಲಿ ಮೇಜು ಹಾಕಿ. ಚೀಲ ತುಂಬುವ ವಿಭಾಗಕ್ಕೆ ಮಗಳದು ನಾಲ್ಕನೇ ಹೆಸರು.

"ಈಗೆಲ್ಲ ಮಾಸ್ಕ್ ಕೊಡ್ತಾರೆ ಅಪ್ಪ. ಮಷೀನು. ಅಮ್ಮನ ಕಾಲದ ಥರ ಅಲ್ಲ. ಮನೆ ಹತ್ತಿರ ಇರ್ತೀನಿ, ಅಮ್ಮನ್ನ ನೋಡ್ಕೊಂಡ ಹಾಗೂ ಆಯ್ತು."

ಒಳ್ಳೆಯದೇ ಎಂದೆ. ಹತ್ತಿರ ಇರುತ್ತಾಳೆ.

ಇದನ್ನೆಲ್ಲ ಕೇಳಿದ ಇವಳು ಊಟಕ್ಕೆ ಎದ್ದು ಬರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಸಂಜೆ ಬೆರಳು ಕೊಡು ಎಂದರೆ ಕೊಡಲಿಲ್ಲ.

ಮಾರ್ಚ್ 25, ಮಂಗಳವಾರ

ಮಗಳು ಅಂಗಡಿಗೆ ಹೋದ ಮೇಲೆ ಇವಳು ಕರೆದಳು. "ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ಮಂಚದ ಅಂಚು ತೋರಿಸಿದಳು. ಮೂರು ಮಾತಿಗೊಮ್ಮೆ ನಿಲ್ಲಬೇಕು, ಹಾಗಾಗಿ ಇವಳು ಸುತ್ತಿಬಳಸಿ ಮಾತಾಡುವುದನ್ನು ಬಿಟ್ಟು ಎರಡು ವರ್ಷವಾಯಿತು.

"ಪಶ್ಚಿಮದಲ್ಲಿ ಏನಿದೆ?"

"ಪತ್ರಿಕೇಲೂ ಬಂತಲ್ಲ. ಒಳ್ಳೇ ಕಪ್ಪು ಇದೆ."

"ನಾನು ಹದಿನಾಲ್ಕು ವರ್ಷ ಜರಡಿ ಹಿಡಿದೋಳು. ಪಶ್ಚಿಮದ ಚೀಲ ಬರೋದು ನಿಂತ ದಿನ ನನಗೆ ಗೊತ್ತಿದೆ. ಮುಗೀತು ಅಂತ ನೀವೇ ಬಂದು ಹೇಳಿದ್ರಿ."

ನಾನು ಯಂತ್ರ ತೆಗೆದುಕೊಂಡು ಅವಳ ಬೆರಳಿಗೆ ಹಾಕಲು ಹೋದೆ.

"ಹತ್ತೂ ಬೆರಳಿಗೆ ಹಾಕಿ ನೋಡ್ತೀರಿ. ನನಗೆ ಗೊತ್ತಾಗಲ್ಲ ಅಂತಾನಾ?" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. "ಏನಿದೆ ಅಲ್ಲಿ?"

ಹೇಳಿದೆ. ಕಾಗದ ಬಂದದ್ದರಿಂದ ಹಿಡಿದು ಬೋರ್ಡಿನ ತನಕ. ಎಷ್ಟು ಹೊತ್ತು ಬೇಕಾಗಬಹುದು ಎಂದುಕೊಂಡಿದ್ದೆನೋ ಅಷ್ಟು ಬೇಕಾಗಲಿಲ್ಲ.

ಇವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಿದ್ದೆ ಹೋದಳೇನೋ ಎನ್ನುವಷ್ಟರಲ್ಲಿ, "ಗಣಿ ತೆರೆದ್ರೆ ಆ ಕಂಬ ಕಡಿತಾರೆ" ಎಂದಳು.

"ಹ್ಞೂಂ."

"ಕಡಿದ್ರೆ?"

"ಮೇಲಿನದು ಬರತ್ತೆ."

"ಕೆಳಗೆ ಯಾರಿರ್ತಾರೆ ಆಗ? ಸೈಕಲ್ ಅಂಗಡಿಯವನ ತಮ್ಮ ಹೆಸರು ಕೊಟ್ಟಿದಾನೆ. ನಮ್ಮವಳು ಮೇಲೆ ಧೂಳಲ್ಲಿ, ಅವನು ಕೆಳಗೆ." ನಳಿಕೆಯಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. "ನನಗೆ ಯಾರೂ ಮೊದಲೇ ಹೇಳಲಿಲ್ಲ ರೀ. ಹೇಳಿದ್ರೆ ನಾನು ಆ ಶೆಡ್ಡಿಗೆ ಹೋಗ್ತಿರಲಿಲ್ಲ. ಹೋಗಿ ಹೇಳಿಬಿಡಿ."

"ಹೇಳಿದ್ರೆ ಇದು ನಿಲ್ಲತ್ತೆ" ಎಂದೆ. ಸಿಲಿಂಡರ್ ತೋರಿಸಿದೆ.

"ನಿಲ್ಲಲಿ ಅಂತ ನಾನು ಹೇಳ್ತಿಲ್ಲ. ಹೇಳಿ ಅಂತಿದೀನಿ."

ಬೆಳಿಗ್ಗೆ ಬರೆಯಲಿಲ್ಲ. ಸಂಜೆ ಒಂದೇ ಬೆರಳು, 81.

ಮಾರ್ಚ್ 26, ಬುಧವಾರ

ಹೋಗಲಿಲ್ಲ. ಎರಡನೇ ಪಂಪಿನ ಬೇರಿಂಗ್ ಸದ್ದು ಮಾಡುತ್ತಿತ್ತು.

81. 80.

ಮಾರ್ಚ್ 27, ಗುರುವಾರ

ಹೋಗಲಿಲ್ಲ. ಮೇಡಂ ವರದಿ ಟೈಪ್ ಮಾಡುತ್ತಿದ್ದಾರೆ, ಶನಿವಾರ ಕಳಿಸುತ್ತಾರಂತೆ. ಶನಿವಾರ ಕಳೆದರೆ ಹೇಳಿ ಪ್ರಯೋಜನವಿಲ್ಲ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಎರಡು ದಿನ ಎಲ್ಲಾದರೂ ಮರೆಯಾಗಿದ್ದರೆ ಸಾಕು. ಮಗಳು ಹೊಸ ಕೆಲಸಕ್ಕೆಂದು ಕೂದಲು ಕಟ್ಟಲು ದಪ್ಪ ಬಟ್ಟೆಯ ಟೋಪಿ ಹೊಲಿಯುತ್ತಿದ್ದಳು. ಧೂಳು ಕೂರುವುದಿಲ್ಲವಂತೆ. ಅಮ್ಮನಿಗೆ ತೋರಿಸಿ ಚೆನ್ನಾಗಿದೆಯಾ ಎಂದಳು.

79.

ಮಾರ್ಚ್ 28, ಶುಕ್ರವಾರ

ಹೋದೆ.

ಮೇಡಂ ಇದ್ದ ಅತಿಥಿಗೃಹದಲ್ಲಿ ಮೇಜಿನ ತುಂಬ ಕಾಗದ. "ಬನ್ನಿ ಬನ್ನಿ, ನಿಮ್ಮ ಹೆಸರೂ ಹಾಕಿದೀನಿ, ಕೃತಜ್ಞತೆ ಅಂತ" ಎಂದರು. ಆಗಲೇ ತಿರುಗಿ ಓಡಿಬಿಡಬೇಕು ಎನ್ನಿಸಿತು.

"ಮೇಡಂ, ಆ ಗೋಡೆ ನಾಲ್ಕು ಹೆಜ್ಜೆ ದಪ್ಪ ಅಷ್ಟೇ. ಅದು ಕಂಬ" ಎಂದೆ.

ಅವರು ಎದ್ದು ಬೂಟು ಹಾಕಿಕೊಂಡರು. ನಾವು ಕೆಳಗಿಳಿದೆವು. ನಾನೇ ಹೊಡೆದ ಹಲಗೆಗಳನ್ನು ನಾನೇ ಕಿತ್ತೆ. ಮೊಳೆಗಳಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ, ಅವರ ದೀಪ ಅದರ ಮೇಲೆ ಒಂದು ಕ್ಷಣ ನಿಂತಿತು. ಕಿರುಸುರಂಗದಲ್ಲಿ ಬಗ್ಗಿ ಹೋಗಿ ಆಚೆ ಎದ್ದು ನಿಂತರೆ, ಸಿನಿಮಾ ಮಂದಿರದಷ್ಟು ದೊಡ್ಡ ಖಾಲಿ. ಮೊಣಕಾಲುದ್ದ ನೀರು. ಕಂಬಗಳು ನೀರಿನಲ್ಲಿ ನಿಂತಿದ್ದವು. ಸುತ್ತಲಿನ ಗೋಡೆಗಳೆಲ್ಲ ಬರೀ ಬೂದುಗಲ್ಲು.

"ನೀವು ಇಲ್ಲೇ ಇರಿ. ನಾನು ಆ ಕಡೆ ಹೋದ ಮೇಲೆ ಸುತ್ತಿಗೇಲಿ ಬಡೀರಿ" ಎಂದರು.

ಅವರ ದೀಪ ಕಿರುಸುರಂಗದಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತು ಬಿಟ್ಟು ಕಂಬಕ್ಕೆ ಮೂರು ಸಲ ಬಡಿದೆ. ಆಚೆಯಿಂದ ಮೂರು ಸಲ ಸದ್ದು ಬಂತು. ಒಬ್ಬರು ಬಾಗಿಲು ತಟ್ಟಿದಷ್ಟೇ ಹತ್ತಿರದಿಂದ. ಮತ್ತೆ ಬಡಿದೆ. ಈ ಸಲ ಉತ್ತರ ಬರಲಿಲ್ಲ.

ನಾನು ಸುತ್ತಿ ಬಂದಾಗ ಅವರು ಸುರಂಗದ ಕಲ್ಲಿನ ಮೇಲೆ ಕೂತಿದ್ದರು.

"ಈಗ ಯಾಕೆ ಹೇಳಿದ್ರಿ?"

"ನನ್ನ ಹೆಂಡತಿ ಹೇಳಿ ಅಂದ್ಲು."

"ಮೊದಲೇ ಯಾಕೆ ಹೇಳಲಿಲ್ಲ?"

"ಆಗ ಅವಳನ್ನ ಕೇಳಿರಲಿಲ್ಲ."

ಹೆಲ್ಮೆಟ್ ತೆಗೆದು ಹಣೆ ಒರೆಸಿಕೊಂಡರು. ಹಣೆಯ ತುಂಬ ಕಪ್ಪು ಹರಡಿತು. "ಕೊರೆದು ನೋಡದೆ ಬರೆಯೋಕೆ ಹೊರಟಿದ್ದೆ. ಅದು ನನ್ನ ತಪ್ಪು. ನಿಮ್ಮನ್ನ ಬಯ್ಯೋಕೂ ನನಗೆ ಆಗ್ತಿಲ್ಲ" ಎಂದರು. ಬಯ್ದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಇವಳಿಗೆ, "ಹೇಳಿದೆ" ಎಂದೆ. ತಲೆಯಾಡಿಸಿದಳು. ಆಮೇಲೆ ತುಂಬ ಹೊತ್ತು ಅತ್ತಳು. ಅಳುವುದಕ್ಕೂ ಉಸಿರು ಬೇಕು, ಅದಕ್ಕೇ ಅಳಬೇಡ ಎಂದೆ. "ಹೆದರಿಕೆ ಆಗ್ತಿದೆ ರೀ" ಎಂದಳು. ಇವಳಿಗೆ ಹೆದರಿಕೆಯಾಗಬಹುದು ಎಂದು ನಾನು ಈ ಒಂದು ತಿಂಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಏಪ್ರಿಲ್ 2, ಬುಧವಾರ

79. 79.

ಮೇಡಂ ಹೊರಟರು. ವರದಿ ಬದಲಾಯಿಸಿ ಕಳಿಸಿದ್ದಾರೆ: ಕಂಬಗಳ ಹೊರತು ತೆಗೆಯುವಂಥದ್ದು ಏನೂ ಉಳಿದಿಲ್ಲ, ಕಂಬಗಳನ್ನು ಮುಟ್ಟಕೂಡದು. ಕೊನೆಗೆ ಒಂಬತ್ತು ಜನರ ವಿಷಯವಾಗಿ ಒಂದು ಪುಟ ಬರೆದಿದ್ದಾರಂತೆ.

"ಅದನ್ನ ಮಾಲೀಕರು ಓದ್ತಾರೆ ಅಂತ ನಾನು ಹೇಳಲಾರೆ" ಎಂದರು.

ಇವಳನ್ನು ನೋಡಲು ಬಂದು ಮಂಚದ ಬಳಿ ಕೂತರು. ಇವಳೇ ಕೊನೆಗೆ, "ನಿಮ್ಮ ಎದೆ ಫೋಟೋ ತೆಗೆಸ್ತಾ ಇರ್ತೀರಾ? ವರ್ಷಕ್ಕೊಂದ್ಸಲ ತೆಗೆಸಿ" ಎಂದಳು.

ಏಪ್ರಿಲ್ 11, ಶುಕ್ರವಾರ

78.

ಕಾಗದ ಬಂತು. ಆರು ಸಾಲು. ತಿಂಗಳ ಕೊನೆಗೆ ಎಲ್ಲ ಬಂದ್. ಒಂಬತ್ತು ಜನರ ಮಾತು ಅದರಲ್ಲಿಲ್ಲ.

ಮಗಳು ಕಾಗದ ಓದಿ ನನ್ನ ಮುಂದೆ ಇಟ್ಟಳು. "ಹೇಳೋಕೆ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತು ಅಪ್ಪ. ಅಮ್ಮ ನಿನಗೆ ಮಾತ್ರ ಅಲ್ಲ" ಎಂದಳು.

ಅವಳು ಹೇಳಿದ್ದು ಸರಿ.

ಏಪ್ರಿಲ್ 12, ಶನಿವಾರ

ಮೇಸ್ತ್ರಿ ಬೀದಿಯಲ್ಲೇ ನಿಂತು ಕರೆದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಬಾಗಿಲುಗಳಲ್ಲಿ ಜನ ನಿಂತಿದ್ದರು.

"ನಿನ್ನ ಹೆಂಡತಿ ಉಸಿರು ನಿನ್ನದು. ಏನು ಬೇಕಾದ್ರೂ ಮಾಡ್ಕೋ. ನನ್ನ ಉಸಿರು ಯಾರನ್ನ ಕೇಳಿ ಕೊಟ್ಟೆ?"

"ಕಂಬ ಕಡಿಯೋರು, ಮೇಸ್ತ್ರಿ..."

"ನನಗೆ ಹೇಳ್ತೀಯಾ ಕಂಬದ ವಿಷಯ" ಎಂದರು. ಅಷ್ಟಕ್ಕೇ ಕೆಮ್ಮು ಹಿಡಿಯಿತು. ಬಗ್ಗಿ, ಗಾಡಿಯ ಹಿಡಿಕೆ ಹಿಡಿದುಕೊಂಡು ಕೆಮ್ಮಿದರು. ಹಿಡಿಯಲು ಹೋದೆ, ಕೈ ಕೊಡವಿದರು. ಅವರು ಮೂರು ಬಾಗಿಲು ದಾಟಿ ತಮ್ಮ ಮನೆ ತಲುಪುವವರೆಗೆ ನಾನು ಅಲ್ಲೇ ನಿಂತಿದ್ದೆ. ಯಾರೂ ನನ್ನ ಹತ್ತಿರ ಬರಲಿಲ್ಲ.

ಏಪ್ರಿಲ್ 19, ಶನಿವಾರ

ಮಗಳೂ ನಾನೂ ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ಬಸ್ಸಿನಲ್ಲಿ ಐದು ಗಂಟೆ. ಎದೆ ರೋಗದ ವಾರ್ಡಿನಲ್ಲಿ ಹಾಸಿಗೆಗಳೆಲ್ಲ ಭರ್ತಿ. ಕಿಟಕಿಯ ಹಿಂದಿನ ಗುಮಾಸ್ತ ಹೆಸರು ಬರೆದುಕೊಂಡ. ಇವಳದು ಮೂವತ್ತೊಂದನೇ ಹೆಸರು.

"ಸಿಲಿಂಡರ್ ಮನೆಗೇ ಕೊಡ್ತೀರಾ?" ಎಂದು ಮಗಳು ಕೇಳಿದಳು.

"ವಾರ್ಡಿನ ಚೀಟಿ ಇದ್ರೆ ಕೊಡ್ತಾರಮ್ಮ."

"ಚೀಟಿ ಯಾವಾಗ ಸಿಗತ್ತೆ?"

"ಹಾಸಿಗೆ ಸಿಕ್ಕಾಗ."

ಮೇಸ್ತ್ರಿಯ ಹೆಸರನ್ನೂ ಬರೆಸಿದೆ. ಮೂವತ್ತೆರಡು. ಅವರಿಗೆ ಹೇಳಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳು ನನ್ನ ಭುಜಕ್ಕೆ ಒರಗಿ ನಿದ್ದೆಹೋದಳು. ಎಚ್ಚರವಾದ ಕೂಡಲೆ ದೂರ ಸರಿದಳು.

ಏಪ್ರಿಲ್ 30, ಬುಧವಾರ

ಮಧ್ಯಾಹ್ನ ಹನ್ನೆರಡಕ್ಕೆ ಮೂರು ಪಂಪುಗಳನ್ನೂ ನಿಲ್ಲಿಸಿದೆ. ಮೊದಲು ಮೂರನೆಯದು, ಆಮೇಲೆ ಎರಡನೆಯದು, ಕೊನೆಗೆ ಮೊದಲನೆಯದು. ಲಾಗ್ ಪುಸ್ತಕದಲ್ಲಿ ಹೊತ್ತು ಬರೆದು ಸಹಿ ಹಾಕಿದೆ. ಅದನ್ನು ಯಾರಿಗೆ ಕೊಡಬೇಕೆಂದು ಕಾಗದದಲ್ಲಿ ಇರಲಿಲ್ಲ, ಬೆಂಚಿನ ಮೇಲೆ ಇಟ್ಟು ಬಂದೆ.

ನೀರು ಏರಲು ತಿಂಗಳುಗಳೇ ಬೇಕು. ಮೊದಲು ನಾಲ್ಕನೇ ಮಟ್ಟ ಮುಳುಗುತ್ತದೆ. ಪಶ್ಚಿಮದ ಕೋಣೆಗೆ ನೀರು ತುಂಬುವಾಗ ಮಳೆಗಾಲ ಕಳೆದಿರಬಹುದು. ಕಂಬಗಳು ನೀರಿನಲ್ಲೂ ನಿಂತಿರುತ್ತವೆ.

ಇವಳು ಮಲಗಿದಲ್ಲಿಂದಲೇ, "ನಿಂತ್ವಾ" ಎಂದಳು. ಬೀದಿಗೇ ಕಿವಿ ಹೋದಂತಾಗಿತ್ತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ ಮಗಳು ಬಾಗಿಲಿಗೆ ಬಂದು ಆಚೀಚೆ ನೋಡಿದಳು.

ಮೇ 2, ಶುಕ್ರವಾರ

ದವಾಖಾನೆಯ ಸಾಮಾನನ್ನು ಲಾರಿಗೆ ಹೇರಿದರು. ಕಾಂಪೌಂಡರ್ ಲಾರಿಯವನ ಹತ್ತಿರ ಜಗಳವಾಡಿ ಮನೆಗೊಂದು ತುಂಬಿದ ಸಿಲಿಂಡರ್ ಇಳಿಸಿಕೊಂಡ. ಅದಕ್ಕಿಂತ ಹೆಚ್ಚು ಅವನಿಂದ ಆಗಲಿಲ್ಲ. ಒಂಬತ್ತು ಜನರಲ್ಲಿ ನಾಲ್ವರು ಮಕ್ಕಳ ಊರುಗಳಿಗೆ ಹೋದರು. ಕೊನೆ ಮನೆಯ ಅಜ್ಜಿ ನಿನ್ನೆ ತೀರಿಹೋದರು. ಅವರ ಮನೆಯವರು ಇದಕ್ಕೆ ನನ್ನನ್ನು ಕಾರಣ ಮಾಡಲಿಲ್ಲ. ವಯಸ್ಸಾಗಿತ್ತು ಎಂದರು.

ಇವಳಿಗೆ ಈಗ ಗಾಳಿಯನ್ನು ಸಣ್ಣಗೆ ಬಿಡುತ್ತೇನೆ. ತುಟಿ ನೀಲಿಯಾದರೆ ಸ್ವಲ್ಪ ತಿರುಪುತ್ತೇನೆ. ಎಷ್ಟು ಬಿಡಲಿ ಎಂದು ಇವಳನ್ನೇ ಕೇಳುತ್ತೇನೆ.

ಮೇ 5, ಸೋಮವಾರ

ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬರಲಿಲ್ಲ, ಏನೂ ಕೇಳಲಿಲ್ಲ. ಅವರ ಸಿಲಿಂಡರ್ ನಿನ್ನೆಗೇ ಮುಗಿದಿದೆಯಂತೆ. ಮೇಸ್ತ್ರಿಗೆ ಮೊದಲಿನಿಂದಲೂ ಹೆಚ್ಚು ಬೇಕು. ಹೇಳಿ, ತಲೆ ತಗ್ಗಿಸಿ ಹೊರಟುಹೋದರು.

ನಮ್ಮದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚಿತ್ತು.

"ಕರ್ಕೊಂಡು ಬನ್ನಿ" ಎಂದಳು ಇವಳು.

"ಅವರು ಬರಲ್ಲ."

"ನೀವು ಕರೆದ್ರೆ ಬರಲ್ಲ. ನಾನು ಕರೆದೆ ಅಂತ ಹೇಳಿ."

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಇವಳ ಮುಖ ನೋಡಿದೆ. ಚಪ್ಪಲಿ ಹಾಕಿಕೊಂಡು ಹೋದೆ.

ಮೇಸ್ತ್ರಿ ಗೋಡೆಗೆ ಒರಗಿ ಬಾಯಿ ತೆರೆದುಕೊಂಡು ಕೂತಿದ್ದರು. ಇವಳು ಕರೆದ ಮಾತು ಹೇಳಿದೆ. ಬಹಳ ಹೊತ್ತು ನನ್ನನ್ನು ನೋಡಿದರು. ಆಮೇಲೆ ಕೈ ಚಾಚಿದರು. ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದೆ. ಮೂರು ಬಾಗಿಲು. ಒಂದು ಕಾಲದಲ್ಲಿ ಎರಡು ಚೀಲ ಒಟ್ಟಿಗೆ ಎತ್ತುತ್ತಿದ್ದ ಮನುಷ್ಯ. ಒಣಗಿದ ಬಟ್ಟೆಯ ಗಂಟಿನಷ್ಟು ಹಗುರವಾಗಿದ್ದರು.

ಮೇ 6, ಮಂಗಳವಾರ

ಹಜಾರದಲ್ಲಿ ಎರಡು ಕುರ್ಚಿ, ನಡುವೆ ಸಿಲಿಂಡರ್. ಒಬ್ಬರಿಗೆ ಹದಿನೈದು ನಿಮಿಷ, ಆಮೇಲೆ ಇನ್ನೊಬ್ಬರಿಗೆ ಹದಿನೈದು. ಹೊತ್ತು ನೋಡುವುದು ನನ್ನ ಕೆಲಸ. ಮೂಗಿನ ನಳಿಕೆ ಬದಲಿಸುವ ಮುಂಚೆ ಮೇಸ್ತ್ರಿಯ ಹೆಂಡತಿ ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ. ಇಬ್ಬರೂ ಮಾತಾಡುವುದಿಲ್ಲ.

ಇವತ್ತು ಬೆಳಿಗ್ಗೆ ಮಾತ್ರ, ತಮ್ಮ ಸರದಿ ಮುಗಿದ ಕೂಡಲೆ, ಗಾಳಿ ಇನ್ನೂ ಎದೆಯಲ್ಲಿರುವಾಗಲೇ ಮೇಸ್ತ್ರಿ ಇವಳಿಗೆ ಹೇಳಿದರು: "ಆ ಹನ್ನೊಂದು ಕಂಬಾನೂ ಕಡಿ ಅಂದಿದ್ದ ಆಗಿನ ಮ್ಯಾನೇಜರ್. ನಾನೇ ಕಡಿಸಲಿಲ್ಲ."

"ಗೊತ್ತು ಅಣ್ಣ" ಎಂದಳು ಇವಳು. ನನಗೆ ಗೊತ್ತಿರಲಿಲ್ಲ.

ಮಗಳು ದೊಡ್ಡಾಸ್ಪತ್ರೆಯಿಂದ ಫೋನ್ ಮಾಡಿದ್ದಳು. ಎರಡು ದಿನದಿಂದ ಆ ಕಿಟಕಿಯ ಮುಂದೆಯೇ ಕೂತಿದ್ದಾಳೆ. ನಮ್ಮದು ಈಗ ಹತ್ತೊಂಬತ್ತು, ಮೇಸ್ತ್ರಿಯದು ಇಪ್ಪತ್ತು. "ಅಮ್ಮನಿಗೆ ಹೇಳು, ಮುಂದೆ ಹೋಗ್ತಿದೆ ಅಂತ" ಎಂದಳು. ಹೇಳಿದೆ. ಮುಂದೆ ಹೋಗುವುದು ಯಾಕೆಂದು ಇಬ್ಬರಿಗೂ ಅರ್ಥವಾಯಿತು.

ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಬಂದಿದೆ. ಸಂಜೆಯವರೆಗೆ ಬರಬಹುದು, ಬರದೆಯೂ ಇರಬಹುದು.

ಈಗ ಮೇಸ್ತ್ರಿಯ ಸರದಿ. ಹದಿನೈದು ನಿಮಿಷವಾಯಿತು ಎಂದೆ. ಅವರು ನಳಿಕೆ ತೆಗೆದು ಇವಳ ಕಡೆ ಚಾಚಿದರು. ಇವಳು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದಳು. ಅವರಿಗೆ ಇನ್ನೆರಡು ನಿಮಿಷ.

ನಾನು ಎರಡು ನಿಮಿಷ ಕಾದೆ.